ಇಂಜಿನ್ ಬಂದ್ ಮಾಡದೆ ಕುಡಿದ ಚಹಾ

ಹೋದ ರವಿವಾರ ಉದಗೀರಿನ ನಮ್ಮ ಮನೆಯ ಮುಂದೆ ಶೋರೂಮಿನವನೊಬ್ಬ ಹೊಸ ಕಾರು ತಂದು ನಿಲ್ಲಿಸಿದ. ಕುಡಿಯಲು ಕೊಟ್ಟ ನೀರನ್ನು ಕುಡಿಯದೆ, ತುಂಬಿದ ಲೋಟವನ್ನು ಬಾನೆಟ್ಟಿನ ಮೇಲಿಟ್ಟ. ಇಂಜಿನ್ ಚಾಲೂ ಇತ್ತು. "ನೋಡ್ರಿ ಮೌಶಿ, ಡೀಸೆಲ್ ಗಾಡಿ ಅದ. ಒಂದ್ ಹನಿಯಾದ್ರೂ ತುಳುಕ್ತದೇನು?" ಎಂದು ನಕ್ಕ. ತುಳುಕಲಿಲ್ಲ. ನಾನು ಮೆಟ್ಟಿಲಿಳಿದು ಹೋಗಿ, ಲೋಟ ಎತ್ತಿಕೊಂಡು, ನೀರನ್ನು ಅವನ ಬೂಟಿನ ಪಕ್ಕದಲ್ಲೇ ಚೆಲ್ಲಿ, "ಮದ್ಲ ಇಂಜಿನ್ ಬಂದ್ ಮಾಡು" ಎಂದು ಕೂಗಿದೆ. ಓಣಿಯ ಕೊನೆಯ ಮನೆಯವರೂ ಬಾಗಿಲಿಗೆ ಬಂದು ನೋಡಿದರು.

ಪಾಪ, ಅವನ ತಪ್ಪೇನೂ ಇರಲಿಲ್ಲ. ನನ್ನ ಮಗಳು ಗಂಗಾ ದೇವಣಿಯಲ್ಲಿ ದನದ ಡಾಕ್ಟರು. ಒಮ್ಮೆ ಜಳಕೋಟದ ಕಡೆ, ಒಮ್ಮೆ ನಿಲಂಗಾದ ಕಡೆ, ಎಲ್ಲಿ ಎಮ್ಮೆ ಈಯಲು ಕಷ್ಟಪಡುತ್ತದೋ ಅಲ್ಲಿಗೆ ಓಡುವ ಕೆಲಸ. ಅವಳಿಗೊಂದು ಗಾಡಿ ಬೇಕಿತ್ತು. ಡೀಸೆಲ್ಲೋ ಪೆಟ್ರೋಲೋ ಎಂಬ ಚರ್ಚೆ ಮನೆಯಲ್ಲಿ ಎರಡು ತಿಂಗಳು ನಡೆದಿತ್ತು. ಅಷ್ಟೂ ದಿನ ನಾನು ಡೀಸೆಲ್ ವಿರುದ್ಧ ವಕೀಲಿ ಮಾಡಿದ್ದೆ.

ಸ್ಟಿಯರಿಂಗ್ ಹಿಡಿದು ಗೊತ್ತಿಲ್ಲದ ಹೆಂಗಸಿಗೆ ಈ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಕೇಳಿ. ಬೇರೆ ಹೆಂಗಸರು ಮಗ್ಗುಲ ಮನೆಯವರ ಸೀರೆಯ ಬಗ್ಗೆ ತಿಳಿದುಕೊಂಡಷ್ಟು ನಾನು ಇಂಜಿನ್ನಿನ ಬಗ್ಗೆ ತಿಳಿದುಕೊಂಡಿದ್ದೇನೆ, ಕೇವಲ ಹಗೆತನದಿಂದ. ನಸುಕಿನಲ್ಲಿ ಪಕ್ಕದ ಮನೆಯವರ ಗಾಡಿ ಕೆಮ್ಮಿದರೆ ಹಾಸಿಗೆಯಲ್ಲಿ ಮಲಗಿಕೊಂಡೇ ಇಂಜಿನ್ ಕಾಯಿಸುವ ಹೀಟರ್ ಹೋಗಿದೆಯೋ ಬ್ಯಾಟರಿ ಇಳಿದಿದೆಯೋ ಹೇಳಬಲ್ಲೆ. ನಮ್ಮ ಓಣಿಯ ಗಂಡಸರು ನನ್ನನ್ನು ಕೇಳಲು ನಾಚಿಕೊಂಡು, ತಮ್ಮ ಹೆಂಡಂದಿರನ್ನು ಕಳಿಸಿ ಕೇಳಿಸುತ್ತಾರೆ.

ಈ ವಿದ್ಯೆಯ ಮೊದಲ ಪಾಠ ಹೇಳಿದವನು ನನ್ನ ಸೋದರಮಾವ. ಬಸವಕಲ್ಯಾಣದ ಕಡೆಯಿಂದ ಬಂದು ಉಮರ್ಗಾದಲ್ಲಿ ನೆಲೆನಿಂತು ಜೀಪು ಓಡಿಸುತ್ತಿದ್ದ. ನನ್ನನ್ನು ಗಡಿಯಾಚೆಯ ಈ ಮರಾಠಿ ಸೀಮೆಗೆ ಕೊಡಿಸಿದವನೂ ಅವನೇ. ಅತ್ತೆಮನೆ ಉಮರ್ಗಾದಿಂದ ನಿಲಂಗಾಕ್ಕೆ ಹೋಗುವ ಹಾದಿಯ ಒಂದು ಹಳ್ಳಿಯಲ್ಲಿ. ಅಲ್ಲಿ ತವರಿನ ಕಡೆಯವರು ಅಂತ ನನಗಿದ್ದದ್ದು ಮಾಮಾ ಒಬ್ಬನೇ. "ಪೆಟ್ರೋಲಿಗಿ ಕಿಡಿ ತೋರಸಬೇಕು ಯವ್ವಾ, ಅಂದ್ರ ಹೊತ್ತತದ. ಡೀಸೆಲ್‌ಗಿ ಕಿಡಿನೇ ಬ್ಯಾಡ. ಗಾಳಿ ಒತ್ತಿ ಒತ್ತಿ ಇಟ್ರ ಅದು ಕಾದು ಕೆಂಡ ಆಗ್ತದ. ಮ್ಯಾಲ ಒಂದ್ ಹನಿ ಬಿಟ್ಟಿ ಅಂದ್ರ ತಾನೇ ಢಂ ಅಂತದ." ಆ ಹೊತ್ತಿಗೆ ನಾನು ಅತ್ತೆಮನೆಗೆ ಬಂದು ಮೂರು ವರ್ಷವಾಗಿತ್ತು. ನನ್ನದು ಯಾವ ಇಂಜಿನ್ನು ಎಂದು ಅವತ್ತೇ ತಿಳಿಯಿತು.

ಮಾಮಾನ ಜೀಪು ಮೊದಲು ಪೆಟ್ರೋಲಿನದು. ಎಂಥ ಸಾಧು ಗಾಡಿ ಅಂತೀರಿ! ಚಾವಿ ತಿರುವಿದರೆ ಸಾಕು, ಗುಂಯ್ ಅಂತ ಎದ್ದು ಕೂರುತ್ತಿತ್ತು. ಪೆಟ್ರೋಲ್ ತುಟ್ಟಿ ಅಂತ ಮಾಮಾ ಇಳಿಜಾರು ಬಂದರೂ ಬಂದ್ ಮಾಡುತ್ತಿದ್ದ, ಎಮ್ಮೆಗಳು ಅಡ್ಡ ನಿಂತರೂ ಬಂದ್ ಮಾಡುತ್ತಿದ್ದ. ಹಳ್ಳಿಗೆ ಹಳ್ಳಿಯೇ ನೆಲಸಮವಾದ ತೊಂಬತ್ಮೂರರ ಭೂಕಂಪದ ಮರುದಿನದಿಂದ ವಾರಗಟ್ಟಲೆ ಆ ಜೀಪು ಗಾಯವಾದವರನ್ನು ಹೊತ್ತು ಓಡಾಡಿತು. ಸೀಟಿನ ಮೇಲಿನ ಕಲೆ ಮಾಮಾ ಎಷ್ಟು ತೊಳೆದರೂ ಹೋಗಲಿಲ್ಲ. ಆಮೇಲೆ ಎಲ್ಲರೂ ಅವನ ಕಿವಿಯಲ್ಲಿ ಊದಿದರು. ಪೆಟ್ರೋಲ್ ಕಟ್ಟಿಕೊಂಡು ಹಾಳಾಗಿ ಹೋಗ್ತಿ, ಡೀಸೆಲ್ ಹಾಕಿಸು, ಹದಿನೈದು ಮಂದಿ ತುಂಬಿದರೂ ಏರಿಗೆ ಉಸಿರು ಬಿಡೋದಿಲ್ಲ. ಆ ಮಾತು ಖರೆಯೇ. ಹೊರೆ ಎಳೆಯುವುದರಲ್ಲಿ ಡೀಸೆಲ್ಲಿಗೆ ಪೆಟ್ರೋಲ್ ಸಾಟಿಯಿಲ್ಲ, ನನ್ನ ವೈರಿಯಾದರೂ ಒಪ್ಪುತ್ತೇನೆ. ಮಾಮಾ ಉಮರ್ಗಾದ ಹೆದ್ದಾರಿಯ ಗ್ಯಾರೇಜಿನಲ್ಲಿ ಒಳ್ಳೆಯ ಪೆಟ್ರೋಲ್ ಇಂಜಿನ್ ಕಿತ್ತುಹಾಕಿಸಿ, ಯಾವುದೋ ಮುರುಕು ಗಾಡಿಯ ಡೀಸೆಲ್ ಇಂಜಿನ್ ಕೂಡಿಸಿದ.

ಇನ್ನು ಆಗಿನ ನಮ್ಮ ಮನೆಯ ಬಗ್ಗೆ ಹೇಳಬೇಕು. ಮನೆ ಅನ್ನುವುದು ದೊಡ್ಡ ಮಾತಾಯಿತು. ಭೂಕಂಪವಾಗಿ ವರ್ಷ ದಾಟಿತ್ತು. ಕಲ್ಲು ಮಣ್ಣಿನ ಗೋಡೆಗಳು ಬಾಯಿ ಬಿಟ್ಟಿದ್ದರಿಂದ ನಾವೆಲ್ಲ ರಸ್ತೆಯ ಪಕ್ಕ ಸಾಲಾಗಿ ಹಾಕಿದ ತಗಡಿನ ಶೆಡ್ಡುಗಳಲ್ಲಿದ್ದೆವು. ಒಂದೇ ತಗಡು ಎರಡು ಸಂಸಾರಕ್ಕೆ ಗೋಡೆ. ಆ ಕಡೆಯವರು ಸೀನಿದರೆ ಈ ಕಡೆ ಕೂಸು ಏಳುತ್ತಿತ್ತು. ನೆಲ ಆಗಾಗ ಸಣ್ಣಗೆ ಕದಲುವುದು ನಿಂತಿರಲಿಲ್ಲ, ನಿಂತ ದಿನವೂ ಕದಲಿದಂತೆ ಅನಿಸುವುದು ನಿಂತಿರಲಿಲ್ಲ. ಅದಕ್ಕೇ ಪ್ರತಿ ಶೆಡ್ಡಿನಲ್ಲೂ ಒಂದು ಪದ್ಧತಿ ಶುರುವಾಗಿತ್ತು. ಮೂಲೆಯಲ್ಲಿ ಒಂದು ತಾಟು ಬೋರಲು ಹಾಕಿ, ಅದರ ಮೇಲೆ ಸ್ಟೀಲ್ ಲೋಟಗಳನ್ನು ಬಾಯಿಗೆ ಬಾಯಿ, ತಳಕ್ಕೆ ತಳ ಕೂಡಿಸಿ ಒಂದರ ಮೇಲೊಂದು ಐದು ಇಡುವುದು. ಲೋಟ ಬಿತ್ತೆಂದರೆ ಯಾಕೆ ಏನು ಅಂತ ಕೇಳುವಂತಿಲ್ಲ, ಓಡಬೇಕು. ದಿನಾ ಸಂಜೆ ದೀಪ ಹಚ್ಚಿದ ಕೈಯಿಂದಲೇ ಅತ್ತೆ ಆ ಲೋಟಗಳನ್ನೂ ಸರಿಮಾಡುತ್ತಿದ್ದಳು. ಬೆಕ್ಕಿನ ದೆಸೆಯಿಂದ ನಾವು ಎಷ್ಟು ಸಲ ಓಡಿದ್ದೇವೋ ಲೆಕ್ಕವಿಲ್ಲ. ನಗಬೇಡಿ. ಸಾಲಿನಲ್ಲಿ ಮನೆಯವರನ್ನು ಕಳೆದುಕೊಳ್ಳದವರು ಕಡಿಮೆ ಇದ್ದರು.

ಚಳಿಗಾಲದ ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಮಾಮಾ ಹೊಸ ಇಂಜಿನ್ ತೋರಿಸಲು ಬಂದ. ರಸ್ತೆಯ ಮೇಲೆ ಕಟಕಟಕಟ ಸದ್ದು. "ಬಂದ್ ಮಾಡಿ ಒಳಗ ಬಾ ಮಾಮಾ" ಅಂದೆ. "ಬಂದ್ ಮಾಡಿದ್ರ ಆಯ್ತಲ್ಲ ಕಥಿ! ಹೀಟರ್ ಹಿಡಕೊಂಡು ಕೂಡಬೇಕು, ಆಮ್ಯಾಲ ನಾಕ್ ಮಂದಿ ದಬ್ಬಬೇಕು. ಮುಂಜಾನಿ ಉಮರ್ಗಾದಾಗ ಚಾಲೂ ಮಾಡಿದ್ರ ಸಂಜಿಗಿ ಉಮರ್ಗಾದಾಗೇ ಬಂದ್" ಅಂದ. ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡುತ್ತಿದ್ದ ಮನುಷ್ಯ! ಮನುಷ್ಯರಿಗೆ ಗಾಡಿಯ ಗುಣ ಹತ್ತುವುದು ಹೀಗೆ.

ನಾನು ಚಹಾ ಕೊಟ್ಟು, ಒಲೆಯ ಮುಂದೆ ಕೂತು ಅಗಲ ತಟ್ಟೆಯಂಥ ಪರಾತದಲ್ಲಿ ರೊಟ್ಟಿಯ ಹಿಟ್ಟು ನಾದತೊಡಗಿದೆ. ನಮ್ಮವರು, ಅಂದರೆ ಗಂಡ, ಆಗ ಸಾಲೆಯ ಮಾಸ್ತರು, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದರು. ಅತ್ತೆಯೂ ಒಳಗೇ ಇದ್ದಳು. ಆರು ತಿಂಗಳ ಗಂಗಾ ನಡುವಿನ ಪೈಪಿಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಮಲಗಿತ್ತು. ಅಷ್ಟರಲ್ಲಿ ಜೋಳದ ಕಣಿಕೆ ಹೇರಿದ ಬಂಡಿಯೊಂದು ಬಂದು ದಾರಿ ಸಾಲದಾಯಿತು. ಮಾಮಾ ಕಪ್ಪು-ಬಸಿಯನ್ನು ಬಾಗಿಲಲ್ಲಿಟ್ಟು, ಹೋಗಿ, ಜೀಪನ್ನು ಹಿಂದಕ್ಕೆ ಸರಿಸಿ ಶೆಡ್ಡಿನ ಮಗ್ಗುಲಿಗೆ ನಿಲ್ಲಿಸಿ, ಉಳಿದ ಚಹಾ ಕುಡಿಯಲು ಮರಳಿ ಬಂದ. ಜೀಪಿನ ಹಿಂದಿನ ಬಂಪರ್ ನಮ್ಮ ಶೆಡ್ಡಿನ ಕಬ್ಬಿಣದ ಕಂಬಕ್ಕೆ ತಾಗಿ ನಿಂತದ್ದು ಅವನಿಗೆ ಕಾಣಲಿಲ್ಲ.

ಮೊದಲು ತಗಡು ಗುಂಯ್‌ಗುಟ್ಟಿತು. ಆಮೇಲೆ ನೆಲದ ಮೇಲಿನ ತಾಟು ಗಲಗಲ ಅಂದಿತು. ಆಮೇಲೆ ಐದೂ ಲೋಟ ಬಿದ್ದವು. ಮಗ್ಗುಲ ಶೆಡ್ಡಿನಲ್ಲೂ ಬಿದ್ದ ಸದ್ದು, ಅದರಾಚೆಯೂ ಬಿದ್ದ ಸದ್ದು. "ಭೂಕಂಪ ಆಲಾ! ಆಲಾ ರೇ ಆಲಾ!" ಬಂತು, ಬಂತು ಎಂದು ಯಾರೋ ಮರಾಠಿಯಲ್ಲಿ ಚೀರಿದರು. ನಾನು ಕೂಸನ್ನು ಎದೆಗವುಚಿಕೊಂಡು ಓಡಿದೆ. ರಸ್ತೆ ದಾಟಿ, ಹೊಲದ ಬದುವಿನ ತನಕ ಓಡಿದೆ. "ಹೆದರಬ್ಯಾಡ ನನ್ನವ್ವಾ, ಹೆದರಬ್ಯಾಡ" ಅಂತ ಅದರ ತಲೆ ಸವರಿದೆ. ಕೈಗೆ ಹಸಿ ಹಿಟ್ಟು ಹತ್ತಿತು.

ನಾನು ಎತ್ತಿಕೊಂಡು ಬಂದದ್ದು ಹಿಟ್ಟಿನ ಪರಾತ.

ಇಡೀ ಸಾಲು ಹೊರಗೆ ನಿಂತಿತ್ತು, ಇಡೀ ಸಾಲು ನೋಡಿತು. ಆಗ ನಮ್ಮ ಶೆಡ್ಡಿನಿಂದ ಮಾಮಾ ಹೊರಗೆ ಬಂದ, ತೋಳಿನಲ್ಲಿ ಗಂಗಾ. ಅವನೊಬ್ಬನೇ ಓಡಿರಲಿಲ್ಲ; ನಡುಕದ ತಾಳವೂ ಇಂಜಿನ್ನಿನ ತಾಳವೂ ಒಂದೇ ಎಂದು ಅವನ ಕಿವಿಗೆ ತಿಳಿದಿತ್ತು. ನನ್ನ ಕೈಯಿಂದ ಪರಾತ ತೆಗೆದುಕೊಂಡು ಕೂಸನ್ನು ಕೊಟ್ಟ. "ಏನೂ ಆಗಿಲ್ಲ ಯವ್ವಾ, ನಂದೇ ಇಂಜಿನ್ ಅದು" ಅಂದ. ನಾನು ಏನು ಮಾಡಬೇಕಿತ್ತು? ಕಾಲಿಗೆ ಬೀಳಬೇಕಿತ್ತು. ಅದರ ಬದಲು ಊರೆಲ್ಲ ಕೇಳುವಂತೆ ಬೈದೆ. "ನಿನ್ನ ಡೀಸೆಲ್ಲಿಗೆ ಬೆಂಕಿ ಬೀಳ್ಲಿ! ಇನ್ನ ಮ್ಯಾಲ ನನ್ನ ಬಾಗಿಲಿಗಿ ಬರಬ್ಯಾಡ!" ಮಾಮಾ ಪರಾತವನ್ನು ಕೆಳಗಿಟ್ಟು, ಹೋದ.

ಖರೇನೇ ಬರಲಿಲ್ಲ. ಕೆಲವು ವರ್ಷದ ಮೇಲೆ ಉಮರ್ಗಾ ಬಿಟ್ಟು ನಿಲಂಗಾಕ್ಕೆ ಹೋದ, ಈಗಲೂ ಅಲ್ಲೇ ಇದ್ದಾನೆ ಅಂತ ಕೇಳಿದ್ದೇನೆ. ನಮ್ಮವರಿಗೆ ವರ್ಗವಾಗಿ ನಾವು ಉದಗೀರಿಗೆ ಬಂದೆವು. ನನ್ನ ಹಟಕ್ಕೆ ನಾನೇ ಕಾವಲು ಕೂತೆ.

ಆದರೆ ಕಥೆ ನಮ್ಮ ಜೊತೆಗೇ ಬಂತು. ಅತ್ತೆ ಅದನ್ನು ಕೂಸಿಗೆ ಹೆಸರಿಡುವ ಬಾರಸೆಯಲ್ಲಿ ಹೇಳಿದಳು, ಮದುವೆಯಲ್ಲಿ ಹೇಳಿದಳು, ನಮ್ಮವರ ಕಡೆ ಕನ್ನಡದಲ್ಲಿ, ಬಾಡಿಗೆ ಮನೆಯ ಒಡತಿಗೆ ಮರಾಠಿಯಲ್ಲಿ. "ನಮ್ಮ ಸೊಸಿ ಅದಾಳಲ್ಲ, ತೊಟ್ಟಿಲಾಗಿನ ಕೂಸು ಬಿಟ್ಟು ಹಿಟ್ಟಿನ ಪರಾತ ಹೊತಗೊಂಡು ಓಡಿ ಬಂದಾಕಿ!" ಎಲ್ಲರೂ ನಗುತ್ತಿದ್ದರು. ನಾನೂ ನಗಬೇಕಿತ್ತು, ನಕ್ಕೆ. ಗಂಗಾಳಿಗೆ ಜ್ವರ ಬಂದರೆ, ಪರೀಕ್ಷೆಯಲ್ಲಿ ಕಡಿಮೆ ಬಿದ್ದರೆ, ಬಿದ್ದು ಮೊಣಕಾಲು ಕೆತ್ತಿಕೊಂಡರೆ ಸಹ ಪರಾತದ ಮಾತು ಬರುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ನಾದಿನಿ ಅದನ್ನು ವಹಿಸಿಕೊಂಡಳು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಆದರೆ ಬೈದದ್ದು ಮಾತ್ರ ಡೀಸೆಲ್ಲಿಗೆ. ಹೊಗೆ, ಸದ್ದು, ನಡುಕ, ಅಂತ ಇಪ್ಪತ್ತೈದು ವರ್ಷ ಆ ಎಣ್ಣೆಯನ್ನು ಶಪಿಸಿದೆ. ಎಣ್ಣೆ ತಿರುಗಿ ಮಾತಾಡುವುದಿಲ್ಲವಲ್ಲ.

ಹೀಗಾಗಿ ಹೋದ ರವಿವಾರ ಶೋರೂಮಿನವನು ಒದ್ದೆಯಾದ ಬೂಟು ನೋಡಿಕೊಳ್ಳುತ್ತ ನಿಂತಿದ್ದ. ನಮ್ಮವರು ಪಡಸಾಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು, "ಬಿಡು ಮಾರಾಯ್ತಿ, ಹಳೇ ಪರಾತದ ಕಥಿ ಮತ್ತ್ಯಾಕ" ಅಂದರು. ಗಂಗಾ ಅಪ್ಪನ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಅವ್ವಾ, ಲೋಟ ಬಿದ್ದಾಗ ಅಜ್ಜಿ ಎಲ್ಲಿದ್ಳು?"

ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಕೇಳದ ಪ್ರಶ್ನೆ. ಉತ್ತರ ಅವತ್ತಿನಿಂದಲೂ ನಾಲಿಗೆ ತುದಿಯಲ್ಲೇ ಇತ್ತು.

"ನಿನ್ನ ತೊಟ್ಟಿಲ ಬಾಜೂಕೇ ಇದ್ಳು. ತೂಗೋ ಹಗ್ಗ ಆಕಿ ಕೈಯಾಗೇ ಇತ್ತು."

"ಮತ್ತ ಓಡಿದಳೇನು?"

"ಓಡಿದಳು."

"ಅಪ್ಪಾ, ನೀ?"

ನಮ್ಮವರು ಪೇಪರ್ ಮಡಚಿದರು, ಮತ್ತೆ ಬಿಚ್ಚಿದರು. ಶೋರೂಮಿನವನು ಗೇಟಿನ ಆಚೆ ಹೋಗಿ ಕಾರಿನ ಗಾಜು ಒರೆಸತೊಡಗಿದ, ಬುದ್ಧಿವಂತ.

"ಎಲ್ಲಾರಕಿಂತ ಮದ್ಲ ನಾನೇ ಹೊರಗ ಬಂದಿದ್ದೆ" ಅಂದರು ನಮ್ಮವರು. "ತೊಟ್ಟಿಲಿಗಿ ಭುಜ ತಾಗಿತ್ತು, ನೆನಪದ. ಹೊರಗ ಬಂದ ಮ್ಯಾಲ ಖಬರ ಆತು. ಅಷ್ಟರಾಗ ನಿಮ್ಮವ್ವ ಪರಾತ ಹಿಡಕೊಂಡು ಬಂದ್ಳು. ಮಂದಿ ಎಲ್ಲಾ ಆಕಿನ್ನೇ ನೋಡಲಿಕತ್ರು. ನನ್ನ ಯಾರೂ ಕೇಳಲಿಲ್ಲ."

"ಅದಕ್ಕ ಸುಮ್ನಾದ್ರಿ" ಅಂದೆ.

"ಹೂಂ."

"ಇಪ್ಪತ್ತೈದು ವರ್ಷ."

ಕಟ್ಟಿಕೊಂಡವರು ತಪ್ಪೊಪ್ಪಿಕೊಂಡರೆ ಮನಸ್ಸು ತಂಪಾಗುತ್ತದೆ ಅಂತ ಯಾರು ಹೇಳಿದರೋ, ಅವರಿಗೆ ಸಂಸಾರ ಗೊತ್ತಿಲ್ಲ. ಭೂಕಂಪದ ಹೆದರಿಕೆಯಲ್ಲಿ ಓಡಿದ್ದಕ್ಕೆ ನನಗೆ ಯಾರ ಮೇಲೂ ಸಿಟ್ಟಿಲ್ಲ. ಅತ್ತೆ ಓಡಿದಳು, ನಾನು ಓಡಿದೆ, ಊರೇ ಓಡಿತು. ಆದರೆ ನಾನಾದರೂ ಕೂಸು ಅಂತ ತಿಳಿದು ಏನನ್ನೋ ಎತ್ತಿಕೊಂಡಿದ್ದೆ. ಇವರು ಬರಿಗೈಯಲ್ಲಿ ಬಂದಿದ್ದರು. ಬರಿಗೈಯವರೆಲ್ಲ ಸೇರಿ ನನ್ನನ್ನು ನಗೆಪಾಟಲು ಮಾಡಿದರು. ಒಳಗೆ ಹೋಗಿ ಕೂಸನ್ನು ತಂದ ಒಬ್ಬನೇ ಒಬ್ಬನಿಗೆ ನಾನು ಬಾಗಿಲು ಹಾಕಿದೆ.

ಒಳಗೆ ಹೋಗಿ ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ ಬಂದೆ. ಶೋರೂಮಿನವನನ್ನು "ಗಾಡಿ ಟ್ರಯಲ್ ಎಲ್ಲೀತನಕ ಕೊಡ್ತಿ?" ಅಂತ ಕೇಳಿದೆ.

"ಒಂದ್ ಚಕ್ಕರ್ ರೀ ಮೌಶಿ, ನಾಕಾ ತನಕ..."

"ನಿಲಂಗಾ ತನಕ ಬೇಕು. ನಮ್ಮ ಮಾಮಾನ ಮನಿಗಿ. ಎಣ್ಣಿ ನಾ ಹಾಕಸ್ತೀನಿ."

ಅವನು ತಲೆ ಕೆರೆದುಕೊಂಡು ಹಿಂದೆ ಕೂತ. ಗಂಗಾ ಸ್ಟಿಯರಿಂಗ್ ಹಿಡಿದಳು. ನಾನು ಮುಂದೆ ಕೂತೆ. ನಮ್ಮವರೂ ಎದ್ದು ಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದರು.

"ನೀವು ಇಲ್ಲೇ ಇರ್ರಿ" ಅಂದೆ. "ಮಧ್ಯಾಹ್ನ ನಿಮ್ಮ ತಂಗಿ ಊಟಕ್ಕ ಬರ್ತಾಳ. ಪರಾತದ ಕಥಿ ತೆಗದೇ ತೆಗಿತಾಳ. ಈ ಸಲ ನೀವೇ ಹೇಳ್ರಿ, ಪೂರ್ತಿ ಹೇಳ್ರಿ."