ಸೂರ್ಯನ ಗಾಳಿಯಲ್ಲಿ ಕೇಳಿದ ಗಂಟೆ

ಸತ್ತವರ ಸದ್ದು ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಮಾತು ಬದಲಿಸಿಬಿಡುತ್ತಿದ್ದೆ. ಭೌತಶಾಸ್ತ್ರ ಓದಿದವಳು, ನನ್ನ ನೆನಪನ್ನೂ ಪೂರ್ತಿ ನಂಬುವವಳಲ್ಲ. ಇದನ್ನೂ ನೀವು ಅರ್ಧ ಅನುಮಾನದಿಂದಲೇ ಓದಿ.

ಅಪ್ಪ ಕೆಜಿಎಫ್‌ನ ಗಣಿಯ ಆಳದಲ್ಲಿ ಜನರನ್ನು ಇಳಿಸಿ ಏರಿಸುವ ಕೇಜಿನ ಗಂಟೆ ಹೊಡೆಯುತ್ತಿದ್ದರು. ಕೆಲಸದವರು ಹತ್ತಿದ ಮೇಲೆ ಅವರು ತಂತಿ ಎಳೆದರೆ ಮೇಲೆ ಗಂಟೆ ಬಡಿಯುತ್ತಿತ್ತು, ಕೇಜು ಏರುತ್ತಿತ್ತು. ಪಕ್ಕದಲ್ಲೇ ಇದ್ದ ನಮ್ಮ ಲೈನ್ ಮನೆಗೂ ಅದು ಕೇಳುತ್ತಿತ್ತು. ಮೂರು ಏಟು, ಸ್ವಲ್ಪ ಬಿಟ್ಟು ಒಂದು ಎಂದರೆ ಜನ ಮೇಲೆ ಬರುತ್ತಿದ್ದಾರೆಂದು ಅರ್ಥ. ಅಮ್ಮ ಕೂಡಲೇ ಅಪ್ಪನ ಸ್ನಾನದ ನೀರಿಗೆ ಒಲೆ ಹಚ್ಚುತ್ತಿದ್ದಳು.

ಒಂದು ದಿನ ಕೆಳಗೆ ಬಂಡೆ ಸಿಡಿಯಿತು. ಅಪ್ಪ ಬರಲಿಲ್ಲ. ಕೆಳಗಿನಿಂದ ಗಂಟೆಯೇ ಬರಲಿಲ್ಲ ಎಂದರು ಮೇಲಿದ್ದವರು.

"ಗಂಟೆ ಒಡ್ದೇ ಒಡ್ದಿರ್ತಾರೆ. ಮೇಲಿದ್ದೋರ್ಗೆ ಕೇಳ್ಸಿಲ್ಲ, ಅಷ್ಟೆ." ಅಮ್ಮನದು ಅದೊಂದೇ ಮಾತು. ಗಣಿ ಮುಚ್ಚಿ ನಾವು ಆಂಡರ್ಸನ್‌ಪೇಟೆಗೆ ಬಂದ ಮೇಲೂ ಸಂಜೆಯಾದರೆ ಒಂದು ಹಂಡೆ ನೀರು ಕಾಯಿಸಿಡುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ರಜೆಗೆ ಬಂದಿದ್ದೆ. ಸೂರ್ಯನಿಂದ ಸದಾ ಬೀಸುವ ಸೌರಮಾರುತದಲ್ಲಿ ಕಾಂತಕ್ಷೇತ್ರ ಹೇಗೆ ಏರಿಳಿಯುತ್ತದೆ ಎಂಬುದು ನನ್ನ ಸಂಶೋಧನೆ. ನೌಕೆಯೊಂದು ಬಾಹ್ಯಾಕಾಶದಲ್ಲಿ ಅಳೆದ ಆ ಏರಿಳಿತವನ್ನು ಸದ್ದಾಗಿ ಬದಲಿಸಿ ಲ್ಯಾಪ್‌ಟಾಪಿನಲ್ಲಿ ಕೇಳುತ್ತಿದ್ದೆ. ಮಟಮಟ ಮಧ್ಯಾಹ್ನ. ಅಮ್ಮ ಅಕ್ಕಿ ಆರಿಸುತ್ತಿದ್ದಳು.

"ಏನೇ ಅದು, ಕಾದ ಎಂಚಿಗೆ ನೀರ್ ಚಿಮುಕ್ಸ್ದಂಗೆ?"

"ಸೂರ್ಯನ ಗಾಳಿ ಕಣಮ್ಮ."

"ಊಂ, ಅಲ್ಲಿ ಗಾಳಿ. ಇಲ್ಲಿ ಕರೆಂಟಿಲ್ದೆ ಫ್ಯಾನೇ ತಿರ್ಗಲ್ಲ."

ನಾನು ನಕ್ಕೆ. ಅಷ್ಟರಲ್ಲಿ ಆ ಸುಯ್ ಎನ್ನುವ ಸದ್ದಿನೊಳಗೆ ಏಟು ಬಿತ್ತು. ಮೂರು. ಸ್ವಲ್ಪ ಬಿಟ್ಟು, ಒಂದು.

ಮೊರ ಜಾರಿ ಅಕ್ಕಿ ನೆಲಕ್ಕೆ ಚೆಲ್ಲಿತು. "ಕೇಳ್ತಾ? ಒಡುದ್ರು ನೋಡು. ನಾನ್ ಏಳ್ತಿರ್ಲಿಲ್ವಾ?" ಎಂದವಳೇ ಅಮ್ಮ ಎದ್ದು, ಆ ಉರಿಬಿಸಿಲಲ್ಲಿ ಒಲೆ ಹಚ್ಚಲು ಹಿತ್ತಲಿಗೆ ಹೋದಳು.

ನಾನು ಅದೇ ಭಾಗವನ್ನು ಮತ್ತೆ ಹಾಕಿದೆ. ಬರೀ ಸುಯ್. ಅಂಕಿಗಳಲ್ಲಿ ಹುಡುಕಿದೆ, ಅಲ್ಲೂ ಏನಿಲ್ಲ. ಅಮ್ಮ ಹೇಳುವ ಮೊದಲೇ ನನಗೂ ಕೇಳಿಸಿತೆಂದು ನೆನಪು. ಅವಳು ಹೇಳಿದ ಮೇಲೆ ಹುಟ್ಟಿಕೊಂಡ ನೆನಪೇ ಅದು? ಹೇಳಲಾರೆ.

ಸಂಜೆ ಹೊತ್ತಿಗೆ ನೀರು ಆರಿತ್ತು. ಅಮ್ಮ ಅದನ್ನು ಚೊಂಬು ಚೊಂಬಾಗಿ ಕನಕಾಂಬರದ ಬುಡಕ್ಕೆ ಸುರಿದು ಹಂಡೆಯನ್ನು ಬೋರಲು ಹಾಕಿದಳು. ಮತ್ತೆಂದೂ ಅಪ್ಪನಿಗೆಂದು ನೀರು ಕಾಯಿಸಲಿಲ್ಲ.

ಹೋದ ವರ್ಷ ಅವಳೂ ಹೋದಳು. ಒಬ್ಬಳೇ ಇರುವಾಗ ಈಗಲೂ ಆ ಸದ್ದು ಹಾಕಿಕೊಂಡು ಕೂರುತ್ತೇನೆ. ಸುಯ್ ಎನ್ನುತ್ತದೆ. ಮುಗಿಯುವವರೆಗೂ ಕೇಳುತ್ತೇನೆ.