ಹನ್ನೆರಡನೇ ರೂಮಿನ ಹಳದಿ ಶೀಟು

ಎಪ್ಪತ್ತರ ದಶಕದಲ್ಲಿ ಶಿಕಾಗೋ ಹತ್ತಿರದ ಒಂದು ಕಾಲೇಜ್ ಹಾಸ್ಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆ. ಬೇಸಿಗೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಟೀಮಿನವರು ಪ್ರಾಕ್ಟೀಸಿಗೆ ಬಂದು ಅಲ್ಲೇ ಇಳಿಯೋರು. ದೂರ ಓಡಿ ಬಾಲ್ ಹಿಡಿಯೋ ವೈಡ್ ರಿಸೀವರುಗಳು ಏಳು ಜನ, ಟೀಮಲ್ಲಿ ಉಳಿಯೋರು ನಾಲ್ಕೇ. ಯಾರು ಉಳೀತಾರೆ ಅಂತ ನನಗೂ ಜೊತೆಗೆ ಕೆಲಸ ಮಾಡೋ ಡಾರ್ಲೀನ್‌ಗೂ ದಿನಾ ಜಗಳ.

"ಹನ್ನೆರಡನೇ ರೂಮಿನವನು ಗ್ಯಾರಂಟಿ," ಅನ್ನೋಳು ಅವಳು.

ನನಗೆ ಅವನ ಮೇಲೇ ಅನುಮಾನ. ಬಕೆಟ್‌ಗಟ್ಟಲೆ ಐಸ್ ಕದ್ದು ಒಯ್ಯೋನು. ಒಳಗೆ ಯಾವಳನ್ನೋ ಇಟ್ಟುಕೊಂಡಿದ್ದಾನೆ ಅಂತ ಆಸೆಯಿಂದ ಇಣುಕಿದರೆ, ಅವನ ಮಂಡಿ ಕುಂಬಳಕಾಯಿ ಹಾಗೆ ಊದಿತ್ತು!

"ಯಾರಿಗೂ ಹೇಳಬೇಡಿ ಮ್ಯಾಮ್. ಗೊತ್ತಾದರೆ ಮನೆಗೆ ಕಳಿಸ್ತಾರೆ."

ಪಾಪ ಅನ್ನಿಸಿ ಮೂರು ದಿನ ಅರಿಶಿನದ ಪಟ್ಟು ಹಾಕಿದೆ. ದೇವರಾಣೆ, ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ನಾಲ್ಕನೇ ದಿನ ಕೋಚ್ ಕಡೆಯವನೊಬ್ಬ ಲಾಂಡ್ರಿಗೆ ಬಂದು, ಯಾರಾದರೂ ಗಾಯ ಮುಚ್ಚಿಟ್ಟಿದ್ದಾರಾ ಅಂತ ಶೀಟುಗಳನ್ನು ಬಿಡಿಸಿ ಬಿಡಿಸಿ ನೋಡಿದ. ಇಂಥ ಕೆಲಸಕ್ಕೂ ಜನ ಇಟ್ಟಿದ್ದರು!

"ಏನಿದು ಹಳದಿ?"

"ನನ್ನ ಊಟದ ಸಾರು ಚೆಲ್ಲಿದ್ದು."

"ಮೂರು ಶೀಟಲ್ಲೂ ಮಂಡಿ ಬರೋ ಜಾಗಕ್ಕೇ ಚೆಲ್ತಾ?" ಅಂದವನೇ ಶೀಟಿನ ಗಂಟಿಗೆ ಕಟ್ಟಿದ್ದ ರೂಮ್ ನಂಬರಿನ ಚೀಟಿ ಓದಿಕೊಂಡು ಹೋದ.

ಮಾರನೇ ಬೆಳಿಗ್ಗೆ ಹನ್ನೆರಡನೇ ರೂಮಿನವನು ಬ್ಯಾಗ್ ಹಿಡಿದು ಬಂದ. "ನೋವು ಪೂರ್ತಿ ಹೋಯ್ತು ಮ್ಯಾಮ್, ಥ್ಯಾಂಕ್ಸ್," ಅಂತ ಹೇಳಿ, ಒಂಚೂರೂ ಕುಂಟದೆ ಬಸ್ ಸ್ಟಾಪಿಗೆ ನಡೆದುಹೋದ.

ನಾನು ಬಾಯಿ ಮುಚ್ಚಿಕೊಂಡಿದ್ದೆ ಅಂದರೆ ಡಾರ್ಲೀನ್ ಇವತ್ತಿಗೂ ನಂಬಲ್ಲ. ಅವಳ ತಪ್ಪೂ ಅಲ್ಲ ಬಿಡಿ, ನನ್ನ ಬಾಯಿಗಿರೋ ಹೆಸರು ಅಂಥದ್ದು.