ಹೊಸ ಮನೆಯ ಮಗ್ಗದ ಗುಂಡಿ

ಕಳೆದ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ನಮ್ಮಣ್ಣನ ಎರಡು ಕಾಲೂ ಗಾಳಿಯಲ್ಲಿ ತೂಗಾಡುತ್ತಿದ್ದವು.

ಗಾಬರಿಯಾಗಬೇಡಿ, ಅವನು ಗಟ್ಟಿಮುಟ್ಟಾಗಿ ಕೂತೇ ಇದ್ದ. ನಮ್ಮ ಹೊಸ ಮನೆಯ ನಡುಕೋಣೆಯಲ್ಲಿ, ಮಗ್ಗದ ಮುಂದೆ, ಹೊಸ ಗುಂಡಿಯ ಅಂಚಿನ ಮೇಲೆ. ಹಣೆಗೆ ಕುಂಕುಮ, ಹೆಗಲ ಮೇಲೆ ಮಡಿ ಟವೆಲು. ಪುರೋಹಿತರು ಇಟ್ಟುಕೊಟ್ಟ ಗಳಿಗೆ. ಅತ್ತಿಗೆ ತೆಂಗಿನಕಾಯಿ ಒಡೆದಾಗಿತ್ತು. ಅಣ್ಣ ಕಾಲು ಇಳಿಬಿಟ್ಟ. ಕಾಲು ತಳ ಮುಟ್ಟಲಿಲ್ಲ.

ಕೊಳ್ಳೇಗಾಲದ ನೇಯ್ಗೆ ಕೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ನಮ್ಮಲ್ಲಿ ಮಗ್ಗ ನೆಲದ ಮೇಲಿರುತ್ತದೆ, ನೇಯುವವನ ಕಾಲು ನೆಲದ ಕೆಳಗಿರುತ್ತದೆ. ಅದಕ್ಕಾಗಿ ಒಂದು ಗುಂಡಿ. ಗುಂಡಿಯ ತಳದಲ್ಲಿ ತುಳಿಯುವುದಕ್ಕೆ ಎರಡು ಕಾಲುಮಣೆ. ಎಡಗಾಲು ಒತ್ತಿದರೆ ಅರ್ಧ ಎಳೆ ಮೇಲೇಳುತ್ತದೆ, ಬಲಗಾಲು ಒತ್ತಿದರೆ ಉಳಿದರ್ಧ. ಆ ಸಂದಿನಲ್ಲಿ ಲಾಳಿ ಓಡುತ್ತದೆ. ಕಾಲುಮಣೆ ಎಟುಕದಿದ್ದರೆ? ಮಗ್ಗಕ್ಕೆ ಕೈಮುಗಿದು ಎದ್ದು ಬರಬೇಕು, ಅಷ್ಟೆ.

ಎದ್ದು ಬರುವ ಹಾಗಿರಲಿಲ್ಲ. ಅಣ್ಣನ ಮಗಳು ರತ್ನಳ ಮದುವೆಗೆ ಇನ್ನು ಇಪ್ಪತ್ತನಾಲ್ಕು ದಿನ. ನಮ್ಮ ಮನೆಯಲ್ಲಿ ಹೆಣ್ಣುಮಗಳ ಧಾರೆ ಸೀರೆಯನ್ನು ಅಂಗಡಿಯಿಂದ ತರುವ ಪದ್ಧತಿ ಇಲ್ಲ. ಅಪ್ಪನೇ ಕೂತು ನೇಯಬೇಕು. ನಮ್ಮಜ್ಜ ನೇಯ್ದದ್ದನ್ನು ನಮ್ಮತ್ತೆ ಉಟ್ಟಿದ್ದಳು, ನಮ್ಮಪ್ಪ ನೇಯ್ದದ್ದನ್ನು ನಮ್ಮಕ್ಕ ಉಟ್ಟಿದ್ದಳು. ಅಗಲ ಅಂಚಿನ ಆ ಸೀರೆಗೆ ಅಣ್ಣನ ಕೈಯಲ್ಲಿ ಏನಿಲ್ಲವೆಂದರೂ ಇಪ್ಪತ್ತು ದಿನ ಬೇಕು. ಬಾಡಿಗೆ ಮನೆಯ ಮಗ್ಗ ಬಿಚ್ಚಿ ತಂದಾಗಿತ್ತು. ಆ ಮನೆಗೆ ಬೇರೆಯವರು ಬಂದೂ ಆಗಿತ್ತು. ಉಳಿದದ್ದು ಈ ಗುಂಡಿಯೊಂದೇ.

ಈ ಮನೆಯ ಪುರಾಣ ನಿಮಗೆ ಹೊಸದಲ್ಲ. ಆರು ತಿಂಗಳಿಂದ ಈ ಅಂಕಣದಲ್ಲಿ ಅದನ್ನೇ ಓದಿ ಓದಿ ನಿಮ್ಮಲ್ಲಿ ಕೆಲವರಿಗೆ ನಮ್ಮ ಮನೆಯ ಬಿರುಕುಗಳು ನನಗಿಂತ ಚೆನ್ನಾಗಿ ಗೊತ್ತು. (ಒಬ್ಬ ಓದುಗರು, 'ಮೇಷ್ಟ್ರೇ, ಮನೆ ಮುಗಿಯಿತೇ, ಇಲ್ಲ ನಾವು ಬೇರೆ ಪತ್ರಿಕೆ ತರಿಸೋಣವೇ?' ಎಂದು ಕಾರ್ಡು ಹಾಕಿದ್ದಾರೆ.) ಆದರೂ ಹೊಸಬರಿಗಾಗಿ ಸ್ವಲ್ಪ ಪಾತ್ರಪರಿಚಯ.

ಗಾರೆ ಕೆಲಸಕ್ಕೆ ಯಳಂದೂರಿನ ನಿಂಗಯ್ಯ. ಮರಗೆಲಸಕ್ಕೆ ಹನೂರಿನ ಪುಟ್ಟಾಚಾರಿ. ನಿಂಗಯ್ಯ ಗಡಿಯಾಚೆಯ ಮೈಸೂರು ಸೀಮೆಯವನು. ಪುಟ್ಟಾಚಾರಿ ಕೊಳ್ಳೇಗಾಲದ ನಮ್ಮಂತೆಯೇ ಮದರಾಸು ಸರ್ಕಾರದ ಪ್ರಜೆ. ಒಬ್ಬ ಬಂದ ದಿನ ಇನ್ನೊಬ್ಬ ಬರುವುದಿಲ್ಲ. ಇಬ್ಬರೂ ಬಂದ ದಿನ ಕೆಲಸ ನಡೆಯುವುದಿಲ್ಲ. ಒಬ್ಬನ ಕೆಲಸವನ್ನು ಇನ್ನೊಬ್ಬ ನೋಡುತ್ತ ನಿಲ್ಲುತ್ತಾನೆ.

ಮುಂಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ನೀವು ಇರಬೇಕಿತ್ತು. ಚೌಕಟ್ಟಿಗೂ ಗೋಡೆಗೂ ನಡುವೆ ಕೋಳಿ ನುಸುಳುವಷ್ಟು ಸಂದು.

"ಗ್ವಾಡೆ ವಾಲದೆ ಸಾ," ಎಂದ ಪುಟ್ಟಾಚಾರಿ.

"ಗ್ವಾಡೆ ನೆಟ್ಟಗದೆ. ಮರಾನೇ ಸೊಟ್ಟ," ಎಂದ ನಿಂಗಯ್ಯ.

ತೂಗುಗುಂಡು ಹಿಡಿದು ನೋಡೋಣ ಎಂದೆ. ನಿಂಗಯ್ಯನ ತೂಗುಗುಂಡು ಯಳಂದೂರಿನಲ್ಲಿತ್ತು. ಹಾಗಾದರೆ ಮೂಲೆಮಟ್ಟ ಇಟ್ಟು ನೋಡೋಣ ಎಂದೆ. ಪುಟ್ಟಾಚಾರಿಯ ಮೂಲೆಮಟ್ಟ ಹನೂರಿನಲ್ಲಿತ್ತು. ಹಾಗಾಗಿ ಅವತ್ತಿನ ವ್ಯಾಜ್ಯ ತೀರ್ಮಾನವಾಗಲಿಲ್ಲ. ಕನ್ನಡ ನಾಡೆಲ್ಲ ಒಂದಾಗಬೇಕು ಎಂದು ಈಗ ಎಲ್ಲ ಕಡೆ ಭಾಷಣವಾಗುತ್ತಿದೆ. ಸಂತೋಷ, ಆಗಲಿ. ಆದರೆ ಭಾಷಣ ಮಾಡುವವರು ಮೊದಲು ಒಬ್ಬ ಯಳಂದೂರಿನ ಗಾರೆಯವನನ್ನೂ ಒಬ್ಬ ಹನೂರಿನ ಬಡಗಿಯನ್ನೂ ಒಂದೇ ಬಾಗಿಲಿಗೆ ಒಪ್ಪಿಸಿ ತೋರಿಸಲಿ. ಆಮೇಲೆ ಗಡಿ ಅಳಿಸೋಣ.

ಆ ಬಾಗಿಲಿಗೆ ನಾನು ದಿನಕ್ಕೆ ಎರಡು ಸಲ ಹಣೆ ಬಡಿಸಿಕೊಳ್ಳುತ್ತೇನೆ. ಇದೇನಪ್ಪ ಬಾಗಿಲು ಇಷ್ಟು ಗಿಡ್ಡ ಎಂದು ಕೇಳಿದ್ದಕ್ಕೆ ಪುಟ್ಟಾಚಾರಿ, "ಬಾಗ್ಲು ಗಿಡ್ಡ ಅಲ್ಲ ಸಾ, ನೀವು ಉದ್ದ," ಎಂದ. (ಊರಿನವರು ನನ್ನನ್ನು ಉದ್ದನೆ ಮೇಷ್ಟ್ರು ಎನ್ನುವುದು ನಿಜ. ಹಾಗೆಂದು ಬಡಗಿ ಅದನ್ನು ಎತ್ತಿ ಆಡಬೇಕೇ?) ಅದೇ ಆಚಾರಿ ಹಿತ್ತಿಲ ಬಾಗಿಲಿಗೆ ಎರಡು ಕದ ಮಾಡಿ ತಂದ. ಅವು ಚೌಕಟ್ಟಿಗಿಂತ ನಾಲ್ಕು ಬೆರಳು ಉದ್ದ. ಎರಡನ್ನೂ ನನ್ನ ಕಣ್ಣೆದುರಿಗೇ ಕೊಯ್ದು ಕೂರಿಸಿದ. ಮುಂದೆ ಗಿಡ್ಡ, ಹಿಂದೆ ಉದ್ದ, ಇದ್ಯಾವ ಲೆಕ್ಕ ಎಂದರೆ, "ಒಟ್ಟು ಸರಿಯಾಯ್ತಲ್ಲ ಸಾ," ಎಂದ.

ಇನ್ನು ಬಚ್ಚಲು. ಸಿಮೆಂಟಿನ ಪರ್ಮಿಟ್ಟಿಗೆ ಜಿಲ್ಲಾ ಕಚೇರಿಯಿರುವ ಕೊಯಮತ್ತೂರಿನ ತನಕ ಅರ್ಜಿ ಹಾಕಿ, ಸಿಕ್ಕ ಒಂದೇ ಮೂಟೆಯನ್ನು ಬಚ್ಚಲಿಗೆಂದು ಎತ್ತಿಟ್ಟಿದ್ದೆವು. ಮೊದಲ ದಿನ ನನ್ನ ಮನೆಯಾಕೆ ಒಂದು ಹಂಡೆ ನೀರು ಸುರಿದಳು. ನೀರು ಹಿತ್ತಿಲ ಕಡೆಗೆ ಹೋಗಬೇಕಲ್ಲವೇ? ಸ್ವಲ್ಪ ಹೊತ್ತು ಯೋಚಿಸಿ ಅಡುಗೆಮನೆಯ ಕಡೆಗೆ ಹೊರಟಿತು. ನಿಂಗಯ್ಯನನ್ನು ಕರೆಸಿ ತೋರಿಸಿದೆ. ಅವನು ನೀರನ್ನೇ ದಿಟ್ಟಿಸಿ ನೋಡಿ, "ಒಸ ಮನೆ ಅಲ್ವಾ ಸಾ, ನೀರ್ಗೂ ದಾರಿ ಅಭ್ಯಾಸ ಆಗ್ಬೇಕು," ಎಂದ.

ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವನು. ಗಜ, ಅಡಿ, ಇಂಚು ನನ್ನ ನಾಲಗೆಯ ತುದಿಯಲ್ಲಿ. ಕಾಲಿಂಚು ತಪ್ಪಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಅಂಥವನ ಮನೆಯಲ್ಲಿ ಇಷ್ಟು ಅನ್ಯಾಯವೇ? ಇಷ್ಟು ದಿನ ಹೇಗೋ ಹಲ್ಲು ಕಚ್ಚಿಕೊಂಡಿದ್ದೆ. ಸೋಮವಾರ ಅಣ್ಣನ ಕಾಲು ತೂಗಾಡುವುದನ್ನು ನೋಡಿದಾಗ ನನ್ನ ಪಿತ್ತ ನೆತ್ತಿಗೇರಿತು.

"ನಿಂಗಯ್ಯ," ಎಂದು ಕೂಗಿದೆ. ಅವನು ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದ. ಪೂಜೆಯ ಊಟಕ್ಕೆಂದು ಪುಟ್ಟಾಚಾರಿಯೂ ಬಂದಿದ್ದ. ನೆಂಟರು, ಕೇರಿಯವರು, ಎಲ್ಲರೂ ಇದ್ದರು.

"ಬಾಗಿಲು ಕೆಟ್ಟಿತು, ಸುಮ್ಮನಿದ್ದೆ. ಬಚ್ಚಲು ಕೆಟ್ಟಿತು, ಸುಮ್ಮನಿದ್ದೆ. ಒಂದು ಗುಂಡಿ. ಒಂದೇ ಒಂದು ಗುಂಡಿ ಅಳತೆಗೆ ತೋಡೋಕೆ ಬರಲಿಲ್ಲವಲ್ಲ ನಿನಗೆ? ಮಗುವಿನ ಧಾರೆ ಸೀರೆ ನಿಂತುಹೋಯಿತಲ್ಲ. ನಿನಗೆ ಕಣ್ಣಿದೆಯೋ ಇಲ್ಲವೋ?"

ಇನ್ನೂ ಏನೇನೋ ಅಂದೆ. ಬರೆಯುವಂಥದ್ದಲ್ಲ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ರತ್ನ, ಅಪ್ಪನ ಕಾಲನ್ನೇ ನೋಡುತ್ತಿದ್ದಳು.

"ನಾಲ್ಕು ಬುಟ್ಟಿ ಮಣ್ಣು ತಂದು ಸುರಿ ಮತ್ತೆ," ಎಂದೆ.

"ಮದ್ವೆ ಮನೇಲಿ ಗುಂಡಿಗೆ ಮಣ್ಣಾಕೋ ಮಾತಾಡ್ಬ್ಯಾಡಿ," ಎಂದಳು ಅತ್ತಿಗೆ. ಅದೂ ಸರಿಯೇ. ಅಂಥ ಮಾತನ್ನು ಆ ಹೊತ್ತಿನಲ್ಲಿ ಯಾರಾದರೂ ಆಡುತ್ತಾರೆಯೇ?

"ಅಸಿ ಮಣ್ಣು ಕೂರ್ಬೇಕಾದ್ರೆ ಎಂಟು ದಿನ ಬೇಕು. ಅಷ್ಟು ದಿನ ಎಲ್ಲದೆ?" ಎಂದ ಅಣ್ಣ, ಕೂತಲ್ಲಿಂದಲೇ. ಅವನು ಸಿಟ್ಟಾಗುವ ಜಾತಿಯವನಲ್ಲ. ಅದೇ ನನಗೆ ಹೆಚ್ಚು ಸಂಕಟವಾಯಿತು.

ನಿಂಗಯ್ಯ ಎಲೆಯಡಿಕೆ ಉಗಿದು ಬಂದ. ಬರುವಾಗ ಚೀಲದಿಂದ ಬಿದಿರು ಕಡ್ಡಿಗಳ ಒಂದು ಕಂತೆ ತಂದ. ಅವನಿಗೆ ಓದು ಬರಹ ಬಾರದು. ಮನೆಗೊಂದು ಕಡ್ಡಿ ಇಟ್ಟುಕೊಳ್ಳುತ್ತಾನೆ. ಒಲೆಯ ಎತ್ತರಕ್ಕೆ ಒಂದು ಕಚ್ಚು, ಜಗಲಿಗೆ ಒಂದು ಕಚ್ಚು, ಗುಂಡಿಗೆ ಒಂದು ಕಚ್ಚು. ಮನೆ ಒಕ್ಕಲಾಗುವ ತನಕ ಆ ಕಡ್ಡಿಯನ್ನು ಎಸೆಯುವುದಿಲ್ಲವಂತೆ. (ತೂಗುಗುಂಡನ್ನು ಊರಿನಲ್ಲಿ ಮರೆಯುವ ಮನುಷ್ಯ, ಕಡ್ಡಿಯನ್ನು ಮರೆಯುವುದಿಲ್ಲ.) ಕಂತೆ ಬಿಚ್ಚಿ ಒಂದು ಕಡ್ಡಿ ಆರಿಸಿದ. ಅದನ್ನು ಗುಂಡಿಗೆ ಇಳಿಸಿದ. ಮೂರನೆಯ ಕಚ್ಚು ಗುಂಡಿಯ ಅಂಚಿಗೆ ಸರಿಯಾಗಿ ಬಂತು.

"ತೋಡಿರಾದು ಅಳತೆಗೆ ಸರ್ಯಾಗದೆ ಸಾ," ಎಂದ. "ಈಗ ನೀವೊಂಚೂರು ಇಲ್ಲಿ ಕುಂತ್ಕಳಿ."

"ನಾನ್ಯಾಕೆ?"

"ಕುಂತ್ಕಳಿ ಸಾ."

ಅಣ್ಣ ಎದ್ದು ಜಾಗ ಬಿಟ್ಟ. ನಾನು ಕೂತೆ. ಕಾಲು ಇಳಿಬಿಟ್ಟೆ. ನನ್ನ ಎರಡು ಪಾದಗಳೂ ಕಾಲುಮಣೆಯ ಮೇಲೆ ಹೋಗಿ, ಸಾಕಿದ ಬೆಕ್ಕಿನ ಹಾಗೆ ಕೂತವು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ.

ನಿಂಗಯ್ಯ ಕಡ್ಡಿಯನ್ನು ಗುಂಡಿಯಿಂದ ಮೇಲೆತ್ತಿಕೊಂಡ.

"ಗುಂಡಿ ಅಳತೆ ತಗಳೋ ದಿನ ಅಣ್ಣೋರು ಬೀಗರ್ನ ಮಾತಾಡ್ಸಕೆ ಯಳಂದೂರ್ಗೆ ಓಗಿದ್ರು. ನಾ ಕೇಳ್ದೆ, ಮಗ್ಗಕ್ಕೆ ಕೂರೋರು ಬರ್ಲಿ ಸಾ, ನಾಳೀಕೆ ತೋಡ್ತಿನಿ ಅಂದೆ. ನೀವು ಏನಂದ್ರಿ? ನಾಳೆ ಗೀಳೆ ಬ್ಯಾಡ, ಮನೆ ಯಜಮಾನ ನಾನೇ, ನಂದೇ ತಕೊ ಅಂದ್ರಿ. ಆಗ್ಲೂ ನಾ ಅಂದೆ, ನೀವು ಉದ್ದ ಸಾ ಅಂತ. ಇಬ್ರೂ ಒಂದೇ ತಾಯಿ ಮಕ್ಳು, ಕಾಲು ಬ್ಯಾರೆ ಬ್ಯಾರೆ ಇದ್ದದಾ ಅಂದ್ರಿ. ಓದಿದೋರು ಏಳಿದ್ಮೇಲೆ ನಾ ಏನ್ ಮಾಡ್ಲಿ?"

ಅಂದಿದ್ದೆ. ಅಕ್ಷರಕ್ಷರವೂ ನೆನಪಾಯಿತು. ಪರ್ಮಿಟ್ಟು ನನ್ನ ಹೆಸರಿನಲ್ಲಿತ್ತು, ಪ್ಲಾನು ನನ್ನ ಹೆಸರಿನಲ್ಲಿತ್ತು. ಕೆಲಸದವರು ಯಜಮಾನ್ರೇ ಎಂದು ಕರೆದರೆ ಯಾರಿಗೆ ಹಿತವಾಗುವುದಿಲ್ಲ? ಅವತ್ತು ಪಂಚೆ ಎತ್ತಿ, ಮಹಾರಾಜನ ಗತ್ತಿನಲ್ಲಿ ಕಾಲು ನೀಡಿ ಕೂತಿದ್ದೆ. ಆಮೇಲೆ ಮರೆತೂಬಿಟ್ಟಿದ್ದೆ.

ನಾಚಿಕೆಯಾಯಿತು. ನಿಂಗಯ್ಯನೆದುರು ಆದ ನಾಚಿಕೆ ಅರ್ಧ. ಉಳಿದರ್ಧ ಬೇರೆ. ನನಗೆ ಮೀಸೆ ಮೂಡುವ ಮೊದಲೇ ನಮ್ಮಪ್ಪ ತೀರಿಕೊಂಡ. ಅಣ್ಣ ಮಗ್ಗದಲ್ಲಿ ಕೂತೇ ನನ್ನನ್ನು ಓದಿಸಿದ. ಆ ಮಗ್ಗದ ಸದ್ದಿನಲ್ಲೇ ನಾನು ಮಗ್ಗಿ ಉರು ಹೊಡೆದದ್ದು. ಅವನು ನನ್ನ ಭುಜದ ತನಕ ಬರುತ್ತಾನೆ ಎಂದು ಊರಿಗೆಲ್ಲ ಗೊತ್ತು. ಅವನ ಕಾಲು ಎಷ್ಟುದ್ದ ಎಂದು ಲೆಕ್ಕದ ಮೇಷ್ಟ್ರು ಒಂದು ದಿನವೂ ನೋಡಿರಲಿಲ್ಲ.

ಮೊದಲು ನಕ್ಕವನು ಪುಟ್ಟಾಚಾರಿ. ಅವನನ್ನು ನೋಡಿ ನಿಂಗಯ್ಯ ನಕ್ಕ. ಆಮೇಲೆ ನೆಂಟರು, ಕೇರಿಯವರು, ಪುರೋಹಿತರು ಸಹ. ಆರು ತಿಂಗಳಲ್ಲಿ ಯಳಂದೂರೂ ಹನೂರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಒಂದಾಗುವುದಕ್ಕೆ ಭಾಷಣ ಬೇಡ, ನಡುವೆ ಕೊಳ್ಳೇಗಾಲದ ಒಬ್ಬ ಮೂರ್ಖ ಇದ್ದರೆ ಸಾಕು.

"ಬುಡ್ರಪ್ಪಾ," ಎಂದ ಅಣ್ಣ. "ಅವ್ನ ಅಷ್ಟುದ್ದ ಬೆಳ್ಸಿದೋನು ನಾನೇ. ತಪ್ಪು ನಂದೇಯ."

ನಾನು ತಲೆ ತಗ್ಗಿಸಿ ಗುಂಡಿಯಿಂದ ಎದ್ದೆ. ಗಳಿಗೆ ಇನ್ನೂ ಸ್ವಲ್ಪ ಇತ್ತು. ನಿಂಗಯ್ಯ ಕಡ್ಡಿಯನ್ನು ಅಣ್ಣನ ಕಾಲಿಗೆ ಹಿಡಿದು ನೋಡಿ, ಬೆರಳು ಇಟ್ಟು ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಬೆರಳು ಕಡಿಮೆ.

"ಲೇ ಆಚಾರಿ," ಎಂದ, "ಇತ್ಲು ಬಾಗ್ಲಲ್ಲಿ ನೀ ಕೊಯ್ದು ಬಿಸಾಕ್ದೆಲ್ಲಾ, ಆ ತುಂಡು ಎಲ್ಲವೆ?"

ಪುಟ್ಟಾಚಾರಿ ಆಗಲೇ ಹಿತ್ತಿಲಿನಲ್ಲಿದ್ದ. ನೀರೊಲೆಗೆಂದು ಒಟ್ಟಿದ್ದ ಸೌದೆಯಿಂದ ಎರಡು ತುಂಡು ಎಳೆದು ತಂದ. ಎರಡು ಕದದವು, ನಾಲ್ಕು ನಾಲ್ಕು ಬೆರಳಿನವು. ಗುಂಡಿಗೆ ಇಳಿದು, ಕಾಲುಮಣೆಗಳ ಕೀಲು ತುದಿಯ ಅಡಿಗೆ ಒಂದೊಂದನ್ನು ನೆಟ್ಟಗೆ ಕೊಟ್ಟು, ಎರಡೆರಡು ಮೊಳೆ ಹೊಡೆದ. ಮುಂತುದಿಯನ್ನು ಮಗ್ಗಕ್ಕೆ ಕಟ್ಟಿದ್ದ ಹಗ್ಗವನ್ನೂ ಅಷ್ಟೇ ಮೇಲಕ್ಕೆ ಬಿಗಿದು ಕಟ್ಟಿದ. ಎಲ್ಲ ಸೇರಿ ಒಂದು ಬೀಡಿ ಸೇದುವಷ್ಟು ಹೊತ್ತು.

"ನೋಡಿ ಸಾ," ಎಂದ ಮೇಲೆ ಹತ್ತಿ, ಕೈ ಒರೆಸಿಕೊಳ್ಳುತ್ತ. "ನಾ ಸುಮ್ಕೆ ಉದ್ದ ಮಾಡಿದ್ನಾ?"

ಆ ಕದ ಉದ್ದವಾಯಿತೆಂದು ಇದೇ ಅಂಕಣದಲ್ಲಿ ಒಂದು ವಾರ ಪೂರ್ತಿ ಬರೆದು ಅವನ ಮಾನ ಹರಾಜು ಹಾಕಿದ್ದೆ. ಪುಣ್ಯಕ್ಕೆ ಹನೂರಿಗೆ ಈ ಪತ್ರಿಕೆ ಹೋಗುವುದೇ ಇಲ್ಲ.

ಅಣ್ಣ ಮತ್ತೆ ಕೂತ. ಕಾಲು ಇಳಿಬಿಟ್ಟ. ಈ ಸಲ ಪಾದ ಮುಟ್ಟಿತು. ಎಡಗಾಲು ಒತ್ತಿದ, ಅರಿಶಿನ ಬಣ್ಣದ ಎಳೆಗಳು ಮೇಲೆದ್ದವು. ಲಾಳಿ ಒಮ್ಮೆ ಆಚೆ ಹೋಗಿ ಈಚೆ ಬಂತು. ರತ್ನ ಬಾಗಿಲು ಬಿಟ್ಟು ಬಂದು ಅಪ್ಪನ ಪಕ್ಕದಲ್ಲಿ ಕೂತಳು, ಲಾಳಿಗೆ ಹಾಕುವ ನೂಲಿನ ಕಂಡಿಕೆಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು. ನಾನು ಇದನ್ನು ಬರೆಯುವ ಹೊತ್ತಿಗೆ ಒಂದು ಮೊಳ ಆಗಿದೆ. ಅಂಚಿನಲ್ಲಿ ಒಂದು ಎಳೆ ತಪ್ಪಿಲ್ಲ. ಬಲಗಾಲು ಒತ್ತಿದಾಗ ಮಾತ್ರ ಹಿತ್ತಿಲ ಬಾಗಿಲು ಸಣ್ಣಗೆ ಕಿರುಗುಟ್ಟುತ್ತದೆ, ಗುಂಡಿಯೊಳಗಿನಿಂದ.

ಊಟವಾದ ಮೇಲೆ ನಿಂಗಯ್ಯನ ಹತ್ತಿರ ಹೋದೆ. ತಪ್ಪಾಯಿತಪ್ಪ ಎಂದೆ. ಅವನು ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿ, ಕಡ್ಡಿಯ ಕಂತೆ ಕಟ್ಟಿಕೊಂಡ. ನಮ್ಮ ಮನೆಯ ಕಡ್ಡಿಯನ್ನು ಮಾತ್ರ ಎಸೆಯಲಿಲ್ಲ, ಅದನ್ನೂ ಸೇರಿಸಿಯೇ ಕಟ್ಟಿದ. ಮನೆ ಒಕ್ಕಲಾಯಿತಲ್ಲ, ಇನ್ನೇಕೆ ಎಂದು ಕೇಳಿದೆ. ಯಾರಾದರೂ ಓದಿದವರು ಮನೆ ಕಟ್ಟಿಸಿದರೆ ತೋರಿಸುವುದಕ್ಕೆ ಬೇಕು ಎಂದ.

ಬಚ್ಚಲಿನ ಮಾತು ಎತ್ತುವ ಧೈರ್ಯ ನನಗೆ ಬರಲಿಲ್ಲ. ಅದರ ಬದಲು, ಮದುವೆ ಮುಗಿದ ಮೇಲೆ ಹಿತ್ತಿಲಲ್ಲಿ ಎಮ್ಮೆಗೊಂದು ಕೊಟ್ಟಿಗೆ, ಮೇವು ಹಾಕುವುದಕ್ಕೆ ಒಂದು ಗೋದಲಿ ಕಟ್ಟಬೇಕು, ನೀನೇ ಬಾ ಎಂದೆ.

"ಬತ್ತಿನಿ ಸಾ," ಎಂದ ನಿಂಗಯ್ಯ. "ಗೋದ್ಲಿ ಅಳತೆಗೆ ಎಮ್ಮೇನೇ ನಿಲ್ಸಿ. ನೀವು ಬರ್ಬ್ಯಾಡಿ."